ಹಿಂಬದಿಯ ಅಚ್ಚು ಮತ್ತು ಪ್ರಗತಿಯ ಕಲ್ಪನೆ: ಒಂದು ವಿಮರ್ಶೆ

ಮೋಟಾರು ವಾಹನಗಳನ್ನು ಕುರಿತ ಪಠ್ಯಗಳಲ್ಲಿ ಹಿಂಬದಿಯ ಸಸ್ಪೆನ್ಷನ್ನಿನ ಪ್ರಕಾರಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ಹೇಳುವುದು ವಾಡಿಕೆ. ಕೆಳಗಿನ ಮೆಟ್ಟಿಲಿನಲ್ಲಿ ಎರಡು ಚಕ್ರಗಳನ್ನೂ ಬಿಗಿಯಾಗಿ ಕೂಡಿಸಿದ ಅಖಂಡ ಅಚ್ಚು. ಅದರ ಮೇಲೆ, ಒಂದೊಂದು ಚಕ್ರಕ್ಕೂ ತನ್ನದೇ ಚಲನೆಯನ್ನೀಯುವ ಸ್ವತಂತ್ರ ಸಸ್ಪೆನ್ಷನ್. ಈ ಕ್ರಮದಿಂದಾಗಿ ಮೊದಲನೆಯದು ಹಳತು, ಹೀನ. ಎರಡನೆಯದು ಹೊಸತು, ಶ್ರೇಷ್ಠ ಎಂಬ ತೀರ್ಪು ವಿದ್ಯಾರ್ಥಿಯ ಮನಸ್ಸಿನಲ್ಲಿ ತಾನಾಗಿಯೇ ಬೇರೂರುತ್ತದೆ. ಹವ್ಯಾಸಿ ಸ್ಪರ್ಧೆಗಳಲ್ಲಿ ಓಡಿದ ಕಾರುಗಳ ಚರಿತ್ರೆಯು ಈ ತೀರ್ಪನ್ನು ಎತ್ತಿಹಿಡಿಯುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸೇಡಂ, ಚಿತ್ತಾಪುರಗಳ ಎರೆಭೂಮಿಯಲ್ಲಿ ಎತ್ತಿನ ಬಂಡಿ ಸಾಗುವುದನ್ನು ಕಂಡವರಿಗೆ ಅಖಂಡ ಅಚ್ಚಿನ ದೋಷವನ್ನು ವಿವರಿಸಬೇಕಾಗಿಲ್ಲ. ಒಂದು ಗಾಲಿ ತಗ್ಗಿಗಿಳಿದರೆ ಇನ್ನೊಂದೂ ವಾಲಲೇಬೇಕು. ಕಾರಿನಲ್ಲಿ ಇದರೊಡನೆ ಡಿಫರೆನ್ಷಿಯಲ್ಲಿನ ಭಾರವೂ ಅಚ್ಚಿನ ಮೇಲೆಯೇ ಕುಳಿತಿರುವುದರಿಂದ, ಉಬ್ಬುತಗ್ಗಿನ ದಾರಿಯಲ್ಲಿ ಚಕ್ರಗಳು ನೆಲವನ್ನು ಬೇಗನೆ ಬಿಟ್ಟೇಳುತ್ತವೆ. ಆದರೆ ಅದರ ಗುಣವನ್ನೂ ಹೇಳಬೇಕು. ತಿರುವಿನಲ್ಲಿ ಕಾರಿನ ಒಡಲು ಎಷ್ಟೇ ಓಲಿದರೂ ಅಚ್ಚು ಓಲುವುದಿಲ್ಲ. ಚಕ್ರಗಳು ರಸ್ತೆಗೆ ನೆಟ್ಟಗೆ ನಿಲ್ಲುತ್ತವೆ. ವಾಡಿ, ಶಹಾಬಾದಗಳಿಂದ ಸಿಮೆಂಟನ್ನೂ ಕಲ್ಲನ್ನೂ ಹೊತ್ತೊಯ್ಯುವ ಲಾರಿಗಳು ಕಮಾನಿನ ಮೇಲೆ ನಿಂತ ಇಂಥ ಅಚ್ಚನ್ನೇ ನೆಚ್ಚಿರುವುದು ಅದರ ಗಟ್ಟಿತನಕ್ಕೆ ಸಾಕ್ಷಿ. ಲಾರಿಗೊಪ್ಪುವ ಈ ಏರ್ಪಾಡು ಸ್ಪರ್ಧೆಗೂ ಒಪ್ಪಬಹುದೆಂಬುದಕ್ಕೆ 1962ರಲ್ಲಿ ಹೊರಬಂದ ಎಂ.ಜಿ.ಬಿ. ನಿದರ್ಶನ. ಕಮಾನು ಮತ್ತು ಅಖಂಡ ಅಚ್ಚನ್ನೇ 1980ರವರೆಗೆ ಉಳಿಸಿಕೊಂಡ ಈ ಕಾರು ಹವ್ಯಾಸಿಗಳ ಪಂದ್ಯಗಳಲ್ಲಿ ಇಂದಿಗೂ ಓಡುತ್ತಿದೆ.

ಈಗ ಏಣಿಯ ಮೇಲಿನ ಮೆಟ್ಟಿಲನ್ನು ಪರಿಶೀಲಿಸೋಣ. ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿದ ಟ್ರಯಂಫ್ ಹೆರಾಲ್ಡ್, 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ತಯಾರಾಯಿತು. ಸಂಸಾರದ ಕಾರಾಗಿದ್ದುಕೊಂಡೇ ಶೋಲಾವರದ ವಿಮಾನಪಟ್ಟಿಯ ಪಂದ್ಯಗಳಲ್ಲಿಯೂ ಓಡಿತು. ಅದರ ಹಿಂಬದಿಯ ಏರ್ಪಾಡನ್ನೇ 1962ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿಗೂ ಅಳವಡಿಸಿದರು. ಇದರಲ್ಲಿ ಅಚ್ಚನ್ನು ಎರಡು ಮಾಡಿ, ಒಂದೊಂದು ಅರೆಯಚ್ಚೂ ಡಿಫರೆನ್ಷಿಯಲ್ಲಿನ ಪಕ್ಕದ ಕೀಲಿನಲ್ಲಿ ತೂಗಾಡುವಂತೆ ಮಾಡಲಾಗಿತ್ತು. ಅಡ್ಡಲಾಗಿ ಕೂಡಿಸಿದ ಒಂದೇ ಕಮಾನು ಎರಡು ಚಕ್ರಗಳಿಗೂ ಆಧಾರ. ಹೆಸರಿಗೆ ಇದು ಸ್ವತಂತ್ರವೇ ಸರಿ. ಆದರೆ ಅರೆಯಚ್ಚು ತೂಗಿದಂತೆಲ್ಲ ಚಕ್ರದ ವಾಲು ಬದಲಾಗುತ್ತದೆ. ಬಿರುಸಾದ ತಿರುವಿನಲ್ಲಿ ಹೊರಚಕ್ರದ ಮೇಲಿನ ಅಡ್ಡಬಲವು ಒಡಲನ್ನು ಮೇಲಕ್ಕೆತ್ತುತ್ತದೆ. ಚಕ್ರದ ಬುಡ ಒಳಕ್ಕೆ ಮಡಿಚಿಕೊಂಡು ಟೈರಿನ ಹಿಡಿತ ಒಮ್ಮೆಗೇ ಸಡಿಲುತ್ತದೆ. ಹೆದರಿದ ಚಾಲಕನು ಆಕ್ಸಿಲರೇಟರಿನಿಂದ ಕಾಲನ್ನೆತ್ತಿದನೋ, ಹಿಂಬದಿಯ ಭಾರ ಇನ್ನಷ್ಟು ಇಳಿದು ಅಪಾಯ ಇಮ್ಮಡಿಸುತ್ತದೆ. ನುರಿತವನು ಕಾಲನ್ನು ತಡೆದಾನು. ಹವ್ಯಾಸಿಯು ಎತ್ತುವುದೇ ಸಹಜ. ಹೀಗಾಗಿ ಶಾಸ್ತ್ರದಲ್ಲಿ ಮೇಲಿನದೆನಿಸಿದ ಪ್ರಕಾರವು ಅನುಭವವಿಲ್ಲದವನ ಪ್ರಾಣಕ್ಕೇ ಎರವಾಗಬಲ್ಲದು.

ಈ ದೋಷಕ್ಕೆ ದೊರೆತ ಪರಿಹಾರಗಳು ವಿಚಾರಾರ್ಹವಾಗಿವೆ. ಇಂಗ್ಲೆಂಡಿನಲ್ಲಿ ಸ್ವತಂತ್ರ ತತ್ತ್ವವನ್ನು ಬಿಡಲಿಲ್ಲ. 1968ರ ಜಿ.ಟಿ.6ರಲ್ಲಿ ಕೆಳಗಡೆ ಒಂದು ವಿಶ್‌ಬೋನನ್ನು ಕೊಟ್ಟು ಚಕ್ರದ ವಾಲನ್ನು ಹದ್ದಿನಲ್ಲಿಟ್ಟರು. 1970ರ ಸ್ಪಿಟ್‌ಫೈರಿನಲ್ಲಿ ಕಮಾನಿನ ಬಹುಭಾಗವು ನಡುವಿನಲ್ಲಿ ಓಲಾಡುವಂತೆ ಮಾಡಿ, ಓಲಿಗೆ ಹಿಂಬದಿ ಒಡ್ಡುವ ತಡೆಯನ್ನು ತಗ್ಗಿಸಿದರು. ಮದರಾಸಿನಲ್ಲಾದರೋ 1972ರ ಸ್ಟ್ಯಾಂಡರ್ಡ್ ಗೆಜೆಲ್ ಅರೆಯಚ್ಚನ್ನೇ ಕೈಬಿಟ್ಟು ಅಖಂಡ ಅಚ್ಚಿಗೆ ಮರಳಿತು. ನಮ್ಮ ಗ್ರಾಹಕರಿಗೂ ಮೆಕ್ಯಾನಿಕರಿಗೂ ಅರೆಯಚ್ಚು ಒಗ್ಗಿರಲಿಲ್ಲ. ಏಣಿಯ ದೃಷ್ಟಿಯಿಂದ ನೋಡಿದರೆ ಇದು ಹಿನ್ನಡೆ. ಆದರೆ ರಸ್ತೆ, ರಿಪೇರಿ ಮತ್ತು ಬಳಸುವವನ ಅಳವುಗಳನ್ನು ಲೆಕ್ಕಕ್ಕೆ ತಂದುಕೊಂಡರೆ ಇದು ವಿವೇಕ. ಒಂದೇ ರೋಗಕ್ಕೆ ಎರಡು ನಾಡುಗಳು ಎರಡು ಮದ್ದುಗಳನ್ನು ಕಂಡುಕೊಂಡವು. ಎರಡೂ ತಮ್ಮ ತಮ್ಮ ನೆಲಕ್ಕೆ ಸಲ್ಲುವಂಥವೇ.

ಹಾಗೆಂದು ಅಖಂಡ ಅಚ್ಚೇ ಮೇಲೆನ್ನುವುದು ಇನ್ನೊಂದು ಅತಿರೇಕವಾದೀತು. 1989ರ ಮಾಜ್ದಾ ಎಂ.ಎಕ್ಸ್.5ರಲ್ಲಿರುವ ಡಬಲ್ ವಿಶ್‌ಬೋನ್ ಏರ್ಪಾಡು, ಚಕ್ರ ಮೇಲೆಕೆಳಗೆ ಆಡುವಾಗ ಅದರ ವಾಲನ್ನು ವಿನ್ಯಾಸಕಾರನು ಬಯಸಿದಂತೆ ನಡೆಸಬಲ್ಲುದು. ಆ ಕಾರು ಹವ್ಯಾಸಿಗಳ ಮೆಚ್ಚಿನದಾದದ್ದು ಸಕಾರಣವಾಗಿಯೇ. ಆದರೆ ಅದರ ತೋಳು, ಬುಶ್ಶು, ಕೀಲುಗಳು ಬಹಳ. ಒಂದು ಸವೆದರೂ ಅಳತೆ ತಪ್ಪುತ್ತದೆ. ನಯವಾದ ಸರ್ಕ್ಯೂಟಿನಲ್ಲಿ ಈ ಸೂಕ್ಷ್ಮತೆ ಲಾಭ. ಕಲ್ಲುಮಣ್ಣಿನ ದಾರಿಯ ರ‍್ಯಾಲಿಗಳಲ್ಲಿ ಮಾತ್ರ, ಮುಂದೆಯೂ ಹಿಂದೆಯೂ ಕಮಾನು ಮತ್ತು ಅಖಂಡ ಅಚ್ಚುಗಳನ್ನೇ ಹೊತ್ತ ಮಾರುತಿ ಜಿಪ್ಸಿಯು ನಮ್ಮ ದೇಶದಲ್ಲಿ ಬಹುಕಾಲ ಮುಂಚೂಣಿಯಲ್ಲಿತ್ತು. ಅಂಥ ದಾರಿ ಹೇಗಿರುತ್ತದೆಂಬುದನ್ನು ಚಿಂಚೋಳಿಯ ಕಾಡುಗುಡ್ಡಗಳ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಒಟ್ಟಿನಲ್ಲಿ, ಸ್ವತಂತ್ರವೇ ಅಖಂಡವೇ ಎಂಬುದು ಎರಡನೆಯ ಪ್ರಶ್ನೆ. ತಿರುವಿನ ಕೊನೆಯ ಮಿತಿಯಲ್ಲಿ ಚಕ್ರವು ನೆಲಕ್ಕೆ ಯಾವ ಕೋನದಲ್ಲಿ ನಿಲ್ಲುತ್ತದೆ, ಚಾಲಕನು ತಪ್ಪಿದಾಗ ಕಾರು ಏನು ಮಾಡುತ್ತದೆ, ಕೆಟ್ಟರೆ ಸರಿಪಡಿಸುವವರಾರು ಎಂಬುವು ಮೊದಲನೆಯವು. 1958ರಲ್ಲಿ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಈ ಐದು ಊರುಗಳ ಮಕ್ಕಳಿಗೂ ಈ ಶಾಸ್ತ್ರ ಕೈಗೆಟುಕಿದೆ. ಅವರಿಗೆ ಪ್ರಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಕಲಿಸುವುದು ಅಧ್ಯಾಪಕರ ಕರ್ತವ್ಯ.