ಕಾರಂತರ ಕಿವಿ

ಎಪ್ಪತ್ತರ ದಶಕದ ಹೊಸ ಅಲೆಯ ಕನ್ನಡ ಚಿತ್ರಗಳ ಬಗ್ಗೆ ನಮ್ಮಲ್ಲಿ ಒಂದು ತೀರ್ಪು ಬೇರುಬಿಟ್ಟು ಕೂತಿದೆ. ಕಥೆ ಇತ್ತು, ಎದೆಗಾರಿಕೆ ಇತ್ತು, ಪ್ರಶಸ್ತಿಗಳೂ ಬಂದವು, ಆದರೆ ಸಂಗೀತ ಇರಲಿಲ್ಲ. ಸಿನಿಮಾ ಸಂಗೀತದ ಮೇಲಿನ ಮಾತುಕತೆಯೊಂದರಲ್ಲಿ ಈಚೆಗೆ ಇದನ್ನೇ ಮತ್ತೆ ಕೇಳಬೇಕಾಯಿತು. ವಿಜಯಭಾಸ್ಕರ್, ರಾಜನ್-ನಾಗೇಂದ್ರ ನಾಡಿಗೆ ಹಾಡು ಕಟ್ಟಿಕೊಡುತ್ತಿದ್ದಾಗ ಕಲಾತ್ಮಕ ಚಿತ್ರದವರು ಬರಿಯ ನಿಟ್ಟುಸಿರು ಬಿಡುತ್ತಿದ್ದರಂತೆ. ಹೇಳಿದವರು ಓದಿಕೊಂಡವರು, ಕೇಳಿದವರು ತಲೆದೂಗಿದರು. ಬಿ.ವಿ. ಕಾರಂತರ ಹೆಸರು ಒಮ್ಮೆಯೂ ಬರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಇಳಿಯದಿರಲು ಕಾರಣವಿದೆ. ಆ ಮಾತುಕತೆಗೆ ಸ್ವಲ್ಪ ಮೊದಲು ನಾನು ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ವನ್ನು ನೋಡಿದ್ದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಉಳಿಸಿಕೊಟ್ಟ ಈ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಮತ್ತೆ ಬೆಳಗಿದೆ ಎಂದು ಎಲ್ಲರೂ ಬರೆದರು, ಸರಿಯಾಗಿಯೇ ಬರೆದರು. ನನ್ನನ್ನು ಹಿಡಿದಿಟ್ಟದ್ದು ಸದ್ದು. ವೇದಪಾಠದ ಹುಡುಗರು ಉರು ಹೊಡೆಯುವ ದನಿ ಮೊದಮೊದಲು ಆ ಮನೆಯ ದಿನಚರಿಯಾಗಿ ಕೇಳುತ್ತದೆ, ನೀರು ಸೇದಿದಷ್ಟೇ ಸಹಜವಾಗಿ. ಆ ಮನೆಯ ಗುರುವಿನ ವಿಧವೆ ಮಗಳು ಯಮುನಕ್ಕ ಬಸಿರಾದ ಗುಟ್ಟು ಬಯಲಾದ ಮೇಲೆ ಅದೇ ಭಾಷೆಯ ಮಂತ್ರ, ಅದೇ ಏರಿಳಿತ, ಬದುಕಿರುವ ಮಗಳನ್ನು ತಂದೆಯ ಬಾಯಿಂದಲೇ ಸತ್ತವಳನ್ನಾಗಿ ಮಾಡುತ್ತದೆ. ಸ್ವರ ಒಂದಿಷ್ಟೂ ಬದಲಾಗಿಲ್ಲ, ಕೇಳುವ ನಾವು ಬದಲಾಗಿದ್ದೇವೆ. ಅಲ್ಲಿ ಪಾಠಕ್ಕೆ ಬಂದ ನಾಣಿಯ ವಯಸ್ಸಿನ ಹುಡುಗನಿಗೆ ಅರ್ಥವಾಗದ ಮಂತ್ರವೇ ಅವನಿಗೆ ಅರ್ಥವಾಗಿಬಿಟ್ಟ ಕ್ರೌರ್ಯವೂ ಆಗುವುದನ್ನು ಪಿಟೀಲು ನುಡಿಸಿ ಹೇಳಲಾಗದು. ಚಿತ್ರದ ನಿರ್ದೇಶಕ ಕಾಸರವಳ್ಳಿ ಇದನ್ನು ಬಲ್ಲರು. ವಾದ್ಯಗಳನ್ನು ಎಲ್ಲಿ ತಡೆಹಿಡಿಯಬೇಕೆಂದು ಬಲ್ಲ ಕಾರಂತರೂ ಸಂಗೀತ ನಿರ್ದೇಶಕರಾಗಿ ಅವರಿಗೆ ಸಿಕ್ಕಿದ್ದರು. 1976ರಲ್ಲಿ ‘ಋಷ್ಯಶೃಂಗ’, 1977ರಲ್ಲಿ ‘ಘಟಶ್ರಾದ್ಧ’, ಹೀಗೆ ಸತತ ಎರಡು ವರ್ಷ ಸಂಗೀತಕ್ಕಾಗಿಯೇ ರಾಷ್ಟ್ರಪ್ರಶಸ್ತಿ ಪಡೆದವರ ಚಿತ್ರಗಳಲ್ಲಿ ಸಂಗೀತ ಇರಲಿಲ್ಲ ಎನ್ನುವವರು ಯಾವುದನ್ನು ಸಂಗೀತವೆಂದು ತಿಳಿದಿದ್ದಾರೆ?

‘ಕಾಡು’ ಚಿತ್ರವನ್ನು ಮತ್ತೆ ನೋಡಿ. 1973ರ ಚಿತ್ರ, ಆಲನಹಳ್ಳಿ ಶ್ರೀಕೃಷ್ಣರ ಕಾದಂಬರಿ, ಕಾರ್ನಾಡರ ನಿರ್ದೇಶನ. ಕಾಡಿನಲ್ಲಿ ಒಂದು ಹಕ್ಕಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟವನು ಉಳಿಯುವುದಿಲ್ಲ ಎಂಬ ನಂಬಿಕೆಯ ಸುತ್ತ ಹುಡುಗ ಕಿಟ್ಟಿಯ ಭಯವೆಲ್ಲ ಹೆಣೆದುಕೊಂಡಿದೆ. ಕೇಳಿಸಿಕೊಳ್ಳುವುದರ ಬಗ್ಗೆಯೇ ಇರುವ ಕಥೆ ಇದು. ಇಲ್ಲಿ ಕಾರಂತರು ವಾದ್ಯಮೇಳ ತಂದು ಕೂರಿಸಿದ್ದರೆ ಆ ಹಕ್ಕಿ ಅಲ್ಲಿಂದಲೇ ಹಾರಿಹೋಗುತ್ತಿತ್ತು. ಹುಡುಗ ಯಾವುದಕ್ಕೆ ಕಿವಿಗೊಟ್ಟಿದ್ದಾನೋ ಅದಕ್ಕೆ ನಾವೂ ಕಿವಿಗೊಡುವಂತೆ ಅವರು ಜಾಗ ಬಿಟ್ಟರು. ಹೀಗೆ ಜಾಗ ಬಿಡುವುದನ್ನು ನಾನು ಸಂಯೋಜನೆ ಎಂದೇ ಕರೆಯುತ್ತೇನೆ.

ಇನ್ನು ‘ಚೋಮನ ದುಡಿ’. 1975ರ ಈ ಚಿತ್ರಕ್ಕೆ ಕಾರಂತರೇ ನಿರ್ದೇಶಕರು, ಸ್ವರ್ಣಕಮಲ ಬಂತು, ವಾಸುದೇವರಾಯರು ಶ್ರೇಷ್ಠ ನಟರಾದರು. ಕೆಲವು ಗೆಳೆಯರು ಇದನ್ನು ನಾಟಕದವರ ಸಿನಿಮಾ ಎನ್ನುತ್ತಾರೆ, ದುಡಿಯ ಬಡಿತ ಅತಿಯಾಯಿತು ಎನ್ನುತ್ತಾರೆ. ಬೇರೆ ಯಾರ ಚಿತ್ರದಲ್ಲಾದರೂ ಒಂದೇ ಸದ್ದು ಇಷ್ಟು ಸಲ ಮರಳಿ ಬಂದಿದ್ದರೆ ಬಹುಶಃ ನಾನೂ ಆ ಮಾತು ಆಡುತ್ತಿದ್ದೆ. ಕಾರಂತರ ವಿಷಯದಲ್ಲಿ ಆಡಲಾರೆ. ಭೂಮಿ ಕೇಳಲು ಹಕ್ಕಿಲ್ಲದ, ಧಣಿಯ ಎದುರು ದನಿ ಎತ್ತಲಾಗದ ಮನುಷ್ಯನಿಗೆ ಇದ್ದ ಮಾತು ಆ ಚರ್ಮವಾದ್ಯವೊಂದೇ. ಅದು ಅತಿಯಾಗಬೇಕು. ನೇಗಿಲು ಮುರಿದು, ಎತ್ತುಗಳನ್ನು ಹೊರಗಟ್ಟಿ, ಬಾಗಿಲು ಹಾಕಿಕೊಂಡು ಚೋಮ ದುಡಿ ಬಾರಿಸುತ್ತ ಸಾಯುವಾಗ ಆ ಸದ್ದು ನಮಗೆ ಇಂಪಾಗಿ ಕೇಳಬೇಕಿತ್ತೇ? ಶಿವರಾಮ ಕಾರಂತರು ಅಕ್ಷರದಲ್ಲಿ ಬರೆದದ್ದನ್ನು ಬಾಬುಕೋಡಿಯ ಕಾರಂತರು ಕಿವಿಗೆ ತಾಗುವಂತೆ ಮಾಡಿದರು.

ಬಾಬುಕೋಡಿ ವೆಂಕಟರಮಣ ಕಾರಂತರು ಹುಡುಗರಾಗಿದ್ದಾಗಲೇ ಬಂಟ್ವಾಳದ ಕಡೆಯಿಂದ ಓಡಿಹೋಗಿ ಗುಬ್ಬಿ ಕಂಪನಿ ಸೇರಿದ್ದು, ವೀರಣ್ಣನವರು ಅವರನ್ನು ಬನಾರಸಿಗೆ ಕಳಿಸಿದ್ದು, ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತದ್ದು ಎಲ್ಲರಿಗೂ ಗೊತ್ತಿರುವ ಕತೆ. ಕಂಪನಿ ನಾಟಕ, ಬನಾರಸ್, ಕರಾವಳಿಯ ಚೆಂಡೆ, ಇವೆಲ್ಲ ಒಬ್ಬರಲ್ಲೇ ಸೇರಿದ್ದರಿಂದ ಯಾವುದೂ ಅವರಿಗೆ ಕೇವಲ ಅಲಂಕಾರವಾಗಿ ಬೇಕಾಗಲಿಲ್ಲ. ‘ಸತ್ತವರ ನೆರಳು’ ನಾಟಕದಲ್ಲಿ ಪುರಂದರದಾಸರ ಕೀರ್ತನೆಗಳನ್ನು ಮಠದ ರಾಜಕಾರಣದ ಎದುರು ತಿರುಗಿಸಿ ನಿಲ್ಲಿಸಿದವರು ಅವರು. ಮೃಣಾಲ್ ಸೇನರಂಥವರು ‘ಏಕ್ ದಿನ್ ಪ್ರತಿದಿನ್’, ‘ಖಾರಿಜ್’ ಚಿತ್ರಗಳ ಸಂಗೀತಕ್ಕೆ ಕಲ್ಕತ್ತೆಯಿಂದ ಇವರನ್ನೇ ಹುಡುಕಿಕೊಂಡರು. ಬಂಗಾಳಕ್ಕೆ ಕೇಳಿಸಿದ್ದು ಬೆಂಗಳೂರಿಗೆ ಕೇಳಿಸಲಿಲ್ಲ.

‘ಸಂಸ್ಕಾರ’ಕ್ಕೆ ರಾಜೀವ ತಾರಾನಾಥರು, ‘ವಂಶವೃಕ್ಷ’ಕ್ಕೆ ಭಾಸ್ಕರ ಚಂದಾವರ್ಕರ್, ‘ಹಂಸಗೀತೆ’ಗೆ ಬಾಲಮುರಳಿಯವರ ಕಂಠ: ಈ ಪಟ್ಟಿಯನ್ನು ಬೆಳೆಸುವ ಆಸೆ ನನಗಿಲ್ಲ. ಸಂಗೀತವಿಲ್ಲದ ಪರಂಪರೆ ಎನ್ನುವವರು ಇಷ್ಟು ಹೆಸರುಗಳನ್ನು ದಾಟಿ ಹೋಗಬೇಕಾಗುತ್ತದೆ ಎಂದಷ್ಟೇ ನೆನಪಿಸುತ್ತಿದ್ದೇನೆ.

ದಾಟಿ ಹೋಗುವುದು ಸುಲಭವಾಗಿರುವುದಕ್ಕೆ ಕಾರಣ ನಮ್ಮ ಕ್ಯಾಸೆಟ್ಟಿನ ಚರಿತ್ರೆ. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಮನೆಮನೆ ಸೇರಿತು. ಆಮೇಲೆ ಅಶ್ವತ್ಥರ ಷರೀಫ, ಅಶ್ವತ್ಥರ ನರಸಿಂಹಸ್ವಾಮಿ. ಇವರನ್ನು ಕೇಳುತ್ತಲೇ ಬೆಳೆದವನು ನಾನು, ಇವರ ಮೇಲೆ ನನಗೆ ದೂರಿಲ್ಲ. ಆದರೆ ಆ ಯಶಸ್ಸು ನಮ್ಮ ರುಚಿಗೆ ಒಂದು ಪಾಠ ಕಲಿಸಿಬಿಟ್ಟಿತು: ಕವಿತೆಗೆ ಹೊಂದಿಸಿದ ರಾಗವೇ ಸಂಗೀತ, ಮನೆಗೆ ಒಯ್ಯಲು ಬರುವುದೇ ಸಂಗೀತ. ಸಾಹಿತ್ಯ ಚೆನ್ನಾಗಿದೆ ಎಂದರೆ ಹಾಡಿನ ವಿಮರ್ಶೆ ಮುಗಿಯಿತು. ದೃಶ್ಯದಿಂದ ಬಿಡಿಸಿ ತೆಗೆಯಲಾಗದ ಸದ್ದು ಕ್ಯಾಸೆಟ್ಟಾಗಲಿಲ್ಲ, ಕ್ಯಾಸೆಟ್ಟಾಗದ್ದು ನೆನಪಾಗಲಿಲ್ಲ, ನೆನಪಾಗದ್ದು ಇರಲೇ ಇಲ್ಲ ಎಂದಾಯಿತು.

ಈಚಿನ ಚಿತ್ರಗಳ ಮೇಲಿನ ನನ್ನ ತಕರಾರೂ ಇಲ್ಲಿಂದಲೇ ಹುಟ್ಟಿದ್ದು. ಚರಣ್ ರಾಜ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಆಲ್ಬಂ ಅನ್ನು ಬಹಳ ದಿನ ಕೇಳಿದೆ. ಸೂಕ್ಷ್ಮ ಮನಸ್ಸಿನ ಸಂಗೀತಗಾರ, ಸಂದೇಹವೇ ಇಲ್ಲ. 2023ರ ಆ ಚಿತ್ರದ ಎರಡು ಭಾಗಗಳಿಗೆ ಕ್ಯಾಸೆಟ್ಟಿನ ಎರಡು ಬದಿಗಳ ಹೆಸರೇ ಇದೆ. ಜೈಲಿನಲ್ಲಿರುವ ಮನು ಪ್ರಿಯಾಳ ದನಿಯನ್ನು ಟೇಪಿನಲ್ಲಿ ಕೇಳಿ ಬದುಕುತ್ತಾನೆ. ಇಂಥ ಕಥೆಯಲ್ಲಿ ಆ ದನಿಯನ್ನು ಬರಿದಾಗಿ, ಟೇಪಿನ ಗೊರಗೊರದ ಸಮೇತ, ನಮ್ಮ ಮೇಲೆ ಬಿಟ್ಟುಬಿಡಬೇಕಿತ್ತು. ಮತ್ತೆ ಮತ್ತೆ ಹಿನ್ನೆಲೆ ಸಂಗೀತ ಬಂದು ನಮ್ಮ ದುಃಖವನ್ನು ಮುಂಚಿತವಾಗಿ ಪಟ್ಟುಬಿಡುತ್ತದೆ. ‘ಕಾಂತಾರ’ದಲ್ಲಿ ದೈವದ ಕೂಗು ಕೇಳಿದಾಗ ನನ್ನ ಮೈ ನವಿರೆದ್ದದ್ದು ನಿಜ. ಅದೊಂದೇ ಸಾಕಿತ್ತು. ಕರಾವಳಿಯ ಒಂದು ಗಂಟಲು ಮಾಡುವ ಕೆಲಸವನ್ನು ನೂರು ವಾದ್ಯಗಳ ಅಬ್ಬರ ಮಾಡಲಾರದು ಎಂಬ ಭರವಸೆ ಆ ಚಿತ್ರಕ್ಕೆ ಕೊನೆಯವರೆಗೂ ಇರಲಿಲ್ಲ.

ಆ ಭರವಸೆ ಇರುವವರು ಈಗಲೂ ಇದ್ದಾರೆ. ನಟೇಶ್ ಹೆಗಡೆಯವರ ‘ಪೆದ್ರೊ’ದಲ್ಲಿ ಮಲೆನಾಡಿನ ಕಾಡೂ ಮಳೆಯೂ ಒಬ್ಬ ಲೈನ್‌ಮನ್ನನ ಒಂಟಿತನದ ಪರವಾಗಿ ಮಾತಾಡುತ್ತವೆ. 2021ರಲ್ಲಿ ಅದು ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಇಲ್ಲಿ ಅದನ್ನು ನಿಧಾನದ ಸಿನಿಮಾ ಎಂದು ಬದಿಗಿಟ್ಟವರೇ ಹೆಚ್ಚು. ಸದ್ದಿಲ್ಲದ ಕಡೆ ನಮಗೆ ಯಾಕೆ ಇಷ್ಟು ದಿಗಿಲು? ಮದುವೆ ಮಂಟಪದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಸ್ಪೀಕರ್ ನಿಂತರೆ ಏನೋ ಕೆಟ್ಟಿತು ಅಂದುಕೊಳ್ಳುವ ಊರುಗಳಲ್ಲಿ ನಾವಿದ್ದೇವೆ. ಎದುರಿಗಿರುವವನ ಮಾತು ಕೇಳಿಸಿಕೊಳ್ಳುವ ತಾಳ್ಮೆ ಕಳೆದುಕೊಂಡ ಸಮಾಜ ಚಿತ್ರಮಂದಿರದಲ್ಲಿ ಹಕ್ಕಿಯ ಕೂಗಿಗೆ ಕಾಯುತ್ತದೆಯೇ? ಚೋಮನ ದುಡಿಯನ್ನು ಕರ್ಕಶ ಎನ್ನುವುದೂ ಚೋಮನ ಮಾತನ್ನು ಕೇಳದಿರುವುದೂ ನನಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ.

‘ಘಟಶ್ರಾದ್ಧ’ಕ್ಕೆ ಸಿಕ್ಕ ಆರೈಕೆ ‘ಕಾಡು’ ಮತ್ತು ‘ಚೋಮನ ದುಡಿ’ಗೂ ಸಿಗಬೇಕು. ಕೆಲಸವನ್ನು ಧ್ವನಿಪಥದಿಂದಲೇ ಶುರುಮಾಡಬೇಕು, ಅದಕ್ಕೆ ರಂಗಸಂಗೀತ ಬಲ್ಲವರನ್ನು ಕೂರಿಸಬೇಕು. ಅದಕ್ಕೆ ಹಣ ಹಾಕಬೇಕಾದವರು ಮೊದಲು ಕನ್ನಡಿಗರೇ.