ನಾಯಕನ ಬಾಯಲ್ಲಿ ಯಾರ ಮಾತು?

ಕಾದಂಬರಿಯ ನಾಯಕ ಸುಳ್ಳು ಹೇಳಿದರೆ ಅದು ಅವನ ಪಾಡು. ನಾವು ಬೈಯಬಹುದು, ಕ್ಷಮಿಸಬಹುದು. ಆಟಗಾರರೇ ದಾರಿ ಆರಿಸಿಕೊಂಡು ಸಾಗುವ ಕಥನದ ಆಟಗಳಲ್ಲಿ ಹಾಗಲ್ಲ. ಅಲ್ಲಿ ನಾಯಕನ ಮಾತು ಅರ್ಧ ಬರೆದವರದು, ಅರ್ಧ ಆಡುವವರದು. ಈ ಪಾಲುದಾರಿಕೆ ಎಲ್ಲಿ ಮುರಿಯುತ್ತದೆ ಎಂದು ತಿಳಿಯಲು 2011ರ ‘ಎಲ್‌.ಎ. ನೊಯರ್’ ನೋಡಬೇಕು.

1947ರ ಲಾಸ್ ಏಂಜಲೀಸ್. ಕೋಲ್ ಫೆಲ್ಪ್ಸ್ ಎಂಬ ಪತ್ತೇದಾರ ವಿಚಾರಣೆಗೆ ಕೂತಾಗ ಆಟಗಾರರ ಕೈಯಲ್ಲಿರುವುದು ಮೂರೇ ಪದ: ನಿಜ, ಅನುಮಾನ, ಸುಳ್ಳು. ಸಾಕ್ಷಿ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿ ‘ಅನುಮಾನ’ ಒತ್ತಿದರೆ, ಅಲ್ಲಿಯವರೆಗೆ ಸೌಮ್ಯವಾಗಿದ್ದ ಫೆಲ್ಪ್ಸ್ ಇದ್ದಕ್ಕಿದ್ದಂತೆ ಅಬ್ಬರಿಸಿಬಿಡುತ್ತಾನೆ. ನಮಗಿದ್ದದ್ದು ಸಣ್ಣ ಶಂಕೆ, ಅವನ ಬಾಯಲ್ಲಿ ಬಂದದ್ದು ಬೆದರಿಕೆ. 2017ರ ಮರುಬಿಡುಗಡೆಯಲ್ಲಿ ಅದೇ ಗುಂಡಿಗಳು ‘ಒಳ್ಳೆಯ ಪೊಲೀಸ್’, ‘ಕೆಟ್ಟ ಪೊಲೀಸ್’, ‘ಆರೋಪ’ ಎಂದಾದವು. ಹೆಸರು ಮಾತ್ರ ಬದಲಾಯಿತು ಎನ್ನುವಂತಿಲ್ಲ. ಮೊದಲಿನ ಪದಗಳು ಆಟಗಾರರ ಮನಸ್ಸಿನಲ್ಲಿರುವುದನ್ನು ಹೇಳುತ್ತಿದ್ದವು. ನಂತರದವು ನಾಯಕನ ವರ್ತನೆಯನ್ನು ಹೇಳುತ್ತವೆ. ಗೊಂದಲ ಕಡಿಮೆಯಾಯಿತು, ನಿಜ. ಆದರೆ ‘ಈಕೆ ಹೇಳುತ್ತಿರುವುದು ನಿಜವೇ?’ ಎಂಬ ಪ್ರಶ್ನೆಯೂ ಪರದೆಯಿಂದ ಮರೆಯಾಯಿತು. ನನಗೆ ಅದು ನಷ್ಟವೆಂದೇ ತೋರುತ್ತದೆ.

‘ಫಾಲ್‌ಔಟ್ 4’ (2015) ಇದೇ ಹಳ್ಳಕ್ಕೆ ಬಿತ್ತು. ನಾಯಕನಿಗೆ ದನಿ ಬಂತು, ಆಯ್ಕೆಗಳು ಒಂದೆರಡು ಪದಕ್ಕೆ ಇಳಿದವು. ಪೂರ್ತಿ ವಾಕ್ಯವನ್ನು ತೋರಿಸುವ ಮಾರ್ಪಾಡನ್ನು ಕೊನೆಗೆ ಆಟಗಾರರೇ ಮಾಡಿಕೊಂಡರು.

1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಹಿಡಿದ ದಾರಿ ಬೇರೆ. ಹೆಸರು ಮರೆತ, ಸಾವಿಲ್ಲದ ನಾಯಕ. ಅವನ ಮಾತುಗಳು ಪೂರ್ತಿಯಾಗಿ ಬರಹದಲ್ಲೇ ಇವೆ. ನಾವು ಓದಿ ಆರಿಸಬೇಕು. ಕೆಲವೆಡೆ ಒಂದೇ ಮಾತು ಎರಡು ಸಲ ಕಾಣುತ್ತದೆ: ಒಂದರ ಹಿಂದೆ ‘ನಿಜ’ ಎಂದಿದೆ, ಇನ್ನೊಂದರ ಹಿಂದೆ ‘ಸುಳ್ಳು’ ಎಂದು. ‘ನಿನಗೆ ಸಹಾಯ ಮಾಡುತ್ತೇನೆ’ ಎಂಬಂಥ ಮಾತನ್ನು ಯಾವ ಮನಸ್ಸಿನಿಂದ ಹೇಳಿದೆವು ಎಂಬುದು ಎದುರಿಗಿರುವವರಿಗೆ ಗೊತ್ತಾಗುವುದಿಲ್ಲ. ಆಟ ಮಾತ್ರ ಅದನ್ನು ನಾಯಕನ ಶೀಲದ ಲೆಕ್ಕಕ್ಕೆ ಬರೆದಿಟ್ಟುಕೊಳ್ಳುತ್ತದೆ. ಆಡಿದ ಮಾತಿಗೂ ಆಡದ ಮನಸ್ಸಿಗೂ ನಡುವಿನ ಜಾಗವನ್ನೇ ಆಯ್ಕೆಯಾಗಿಸಿದ ಈ ಉಪಾಯಕ್ಕೆ ದನಿ ಬೇಡ, ದುಬಾರಿ ಮುಖಾಭಿನಯವೂ ಬೇಡ. ತಾಳಮದ್ದಳೆ ಕೇಳಿದವರಿಗೆ ಇದರ ರುಚಿ ಸಿಕ್ಕೀತು. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಆದರೂ ಅರ್ಥಧಾರಿ ಅದೇ ಕರ್ಣನಿಂದ ಇಂದು ಏನು ಆಡಿಸುತ್ತಾನೆಂದು ಕಾದು ಕೂರುತ್ತೇವೆ.

ಕನ್ನಡದಲ್ಲಿ ಇಂಥ ಆಟ ಬರೆಯುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ‘ಯೂ’ ಎಂದರೆ ಮುಗಿಯಿತು. ನಮ್ಮಲ್ಲಿ ‘ಕೂತ್ಕೊ’, ‘ಕೂತ್ಕೊಳ್ಳಿ’, ‘ಕೂತ್ಕೊಳ್ಳೋ’, ಇವುಗಳಲ್ಲಿ ಯಾವುದನ್ನು ಪರದೆಯ ಮೇಲೆ ಇಟ್ಟರೂ ಆಟಗಾರರು ಆರಿಸುವ ಮೊದಲೇ ನಾಯಕನ ವಯಸ್ಸು, ಅಂತಸ್ತು, ಸಲುಗೆ ಎಲ್ಲ ಹೊರಬಿದ್ದಿರುತ್ತದೆ. ಆದರೆ ತೊಡಕೇ ಸಲಕರಣೆಯೂ ಆಗಬಹುದು. ಫೆಲ್ಪ್ಸ್ ಕನ್ನಡ ಮಾತಾಡುವವನಾಗಿದ್ದರೆ ‘ಕೆಟ್ಟ ಪೊಲೀಸ್’ ಗುಂಡಿಯೇ ಬೇಕಿರಲಿಲ್ಲ. ‘ನಿನ್ನೆ ರಾತ್ರಿ ಎಲ್ಲಿದ್ರಿ?’ ಎಂದು ಶುರುಮಾಡಿದವನು ಮೂರನೆಯ ಪ್ರಶ್ನೆಗೆ ‘ಎಲ್ಲಿದ್ದೆ?’ ಎಂದರೆ ಸಾಕಿತ್ತು.