ಹೆಸರು ಕಾರಂತರದು, ಹೊಲ ಯಾರದು?

ಬೆಂಗಳೂರಿನ ಉತ್ತರಕ್ಕೆ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ ಮೊದಲಾದ 17 ಗ್ರಾಮಗಳ 3,546 ಎಕರೆ ಭೂಮಿಯನ್ನು ಬಡಾವಣೆಗಾಗಿ ವಶಪಡಿಸಿಕೊಳ್ಳಲು 2008ರಲ್ಲಿ ಅಧಿಸೂಚನೆ ಹೊರಟಿತು. ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಊರ್ಜಿತಗೊಳಿಸಿತು. ಆ ಬಡಾವಣೆಗಿಟ್ಟ ಹೆಸರು ಡಾ. ಶಿವರಾಮ ಕಾರಂತರದು.

ಈ ನಾಮಕರಣವನ್ನು ಸಾಹಿತ್ಯದ ಕಣ್ಣಿನಿಂದಲೂ ಪರೀಕ್ಷಿಸಬೇಕು. 1933ರ 'ಚೋಮನ ದುಡಿ'ಯಲ್ಲಿ ಎತ್ತುಗಳಿದ್ದೂ ಉಳಲು ನೆಲ ಸಿಗದ ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಉಳುಮೆಯ ಹಂಬಲವನ್ನು ಅಷ್ಟು ತೀವ್ರವಾಗಿ ಕಂಡವರ ಹೆಸರನ್ನು ಉಳುಮೆ ನಿಂತ ನೆಲದ ಮೇಲೆ ಬರೆಯುವುದು ಗೌರವವೋ, ಮರೆವೋ? ಹಾಗೆಂದು ಹೋಲಿಕೆಯನ್ನು ಎಳೆದಾಡಲಾಗದು. ಚೋಮನಿಗೆ ನೆಲ ತಪ್ಪಿಸಿದ್ದು ಜಾತಿ. ಇಲ್ಲಿನ ರೈತನಿಗೆ ಪಹಣಿಯಿತ್ತು, ಪರಿಹಾರ ಕೇಳುವ ಹಕ್ಕಿತ್ತು. ಅವನ ಹೊಲದಲ್ಲಿ ಕಳೆ ಕಿತ್ತ ಕೂಲಿಯಾಳಿಗೆ ಪಹಣಿಯೆಲ್ಲಿಯದು? ಚೋಮನ ವಾರಸುದಾರ ಅವನೇ. ಅವನನ್ನು ಕುರಿತು ನಾವು, ವಿಮರ್ಶಕರೂ ಸೇರಿ, ಮಾತನಾಡಿದ್ದು ಕಡಿಮೆ.

ಕಾರಂತರನ್ನು ಮರ ಕಡಿಯಲೇಬಾರದೆಂದ ಭಾವುಕರಂತೆ ಓದುವುದೂ ತಪ್ಪು. 'ಬೆಟ್ಟದ ಜೀವ'ದ ಗೋಪಾಲಯ್ಯ ಕಾಡು ಕಡಿದೇ ತೋಟ ಮಾಡಿದಾತ. ಆದರೆ ಕಡಿದ ನೆಲದಲ್ಲೇ ಬೆವರಿಳಿಸಿ, ಅಲ್ಲೇ ಮುದುಕನಾದ. ನಕ್ಷೆಯ ಮೇಲೆ ನಿವೇಶನದ ಗೆರೆ ಎಳೆಯುವ ಕೈಗೆ ಆ ಋಣವಿಲ್ಲ. ಬೇಸಾಯವನ್ನೇ ಕಾಯಕವಾಗಿ ಕಂಡ ಶರಣ ಒಕ್ಕಲಿಗ ಮುದ್ದಣ್ಣನನ್ನು ಬಲ್ಲ ನಮ್ಮ ಓದುಗರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಹೆಸರನ್ನು ಅಳಿಸಿರೆಂದು ನಾನು ಹೇಳುತ್ತಿಲ್ಲ. ನಾಮಫಲಕದಲ್ಲಿ ಕಾರಂತರ ಹೆಸರಿನ ಕೆಳಗೆ ಆ 17 ಗ್ರಾಮಗಳ ಹೆಸರನ್ನೂ ಕೆತ್ತಿಸಲಿ.